ಆಕಾಶಕ್ಕೆ ಹೊರಟ ತೊಗರಿಗೆ ಹಚ್ಚಿದ ಭಂಡಾರ

ಮೈಲಾರ ಮಲ್ಲಣ್ಣನನ್ನು ನಂಬಿ ನಡೆಯುವ ಎಲ್ಲರಿಗೂ ಶರಣು. ಭಕ್ತಿಯಿಂದಲೇ ನಾನೊಂದು ಕೆಲಸ ಕೆಡಿಸಿದೆನೆಂದು ಅಳುಕಿದ ದಿನದ ಮಾತಿದು.

ಆಗ ನಾನು ಔರಾದ್‌ನಲ್ಲಿ ಹತ್ತನೇ ತರಗತಿ. ಬಾಹ್ಯಾಕಾಶಕ್ಕೆ ಕಳಿಸುವ ಪ್ರಯೋಗವನ್ನು ಶಾಲೆಯ ಮಕ್ಕಳೇ ರೂಪಿಸಬೇಕೆಂಬ ಸ್ಪರ್ಧೆ ಬಂತು. ಮೇಲೆ, ಕೆಳಗೆ ಎಂಬುದೇ ಇಲ್ಲದ ಕಡೆ ತೊಗರಿಯ ಬೇರು ಯಾವ ದಿಕ್ಕಿಗೆ ಹೊರಳೀತು? ಇದು ಗೆಳತಿ ರುಬೀನಾಳ ಪ್ರಶ್ನೆ. ಎರಡು ತಿಂಗಳು ಊಟದ ಬಿಡುವಿನಲ್ಲೆಲ್ಲ ಕೂತು ಅವಳೇ ಚಿತ್ರ ಬರೆದಳು, ನಾನು ಜೊತೆಗಿದ್ದೆ. ಅವ್ವ ನಕ್ಕಿದ್ದಳು: "ಅಲ್ಲಿ ತೊಗರಿ ಬೆಳದ್ರ ರಾಶಿ ಮಾಡೋರು ಯಾರವ್ವ?"

ಒದ್ದೆ ಹತ್ತಿಯ ಮೇಲೆ ಬೀಜವಿಟ್ಟು ಎರಡು ಡಬ್ಬಿ ಮುಚ್ಚಿದೆವು. ಒಂದು ಮೇಲೆ ಹೋಗುವುದು, ಒಂದು ಹೋಲಿಕೆಗೆ ಇಲ್ಲೇ ಉಳಿಯುವುದು. ನಮ್ಮ ಮನೆಯಲ್ಲಿ ಭಂಡಾರ, ಅಂದರೆ ಮಲ್ಲಣ್ಣನ ಪ್ರಸಾದದ ಅರಿಶಿಣ, ಹಚ್ಚದೆ ಬೀಜವನ್ನು ಹೊಲಕ್ಕೆ ಒಯ್ಯುವುದಿಲ್ಲ. ಹಿಂದಿನ ದಿನ ಭಾನುವಾರ, ಭಾಲ್ಕಿ ಕಡೆಯ ಮಲ್ಲಣ್ಣನ ಗುಡಿಯಿಂದ ತಂದ ಅರಿಶಿಣ ಚೀಟಿಯಲ್ಲಿತ್ತು. ಡಬ್ಬಿ ಮುಚ್ಚುವ ಮುಂಚೆ, ರುಬೀನಾ ನೀರು ತರಲು ಹೋದಾಗ, ಮೇಲೆ ಹೋಗುವ ಬೀಜಗಳಿಗೆ ಚಿಟಿಕೆ ಹಚ್ಚಿಬಿಟ್ಟಿದ್ದೆ.

ಐದು ದಿನದ ಮೇಲೆ, ಡಬ್ಬಿ ತೆರೆದು ತೋರಿಸಲು ಬೀದರಿಗೆ ಹೊರಟ ಬಸ್ಸಿನಲ್ಲಿ ಭಂಡಾರ ಹಚ್ಚಿದ್ದನ್ನು ಹೆಮ್ಮೆಯಿಂದ ಹೇಳಿದೆ. ರುಬೀನಾಳ ಮುಖ ಬಿಳುಚಿತು.

"ಅರೇ ಪಾಗಲ್, ಒಂದಕ್ಕ ಹಚ್ಚಿ ಒಂದಕ್ಕ ಬಿಟ್ಟಿ? ಇನ್ನ ಹೋಲಿಸೋದು ಏನ, ನಿನ್ನ ತಲಿ?" ಆಮೇಲೆ ದನಿ ತಗ್ಗಿಸಿ, "ಹೇಳಬ್ಯಾಡ. ಯಾರಿಗಿ ಗೊತ್ತಾಗ್ತದ," ಎಂದಳು.

ಮಡಿಲಲ್ಲಿ ಡಬ್ಬಿ, ಕಿಟಕಿಯಾಚೆ ಕೆಂಪು ಮಣ್ಣು. ಇಂದಿಗೂ ಆ ಸೀಟು ಕಣ್ಣಿಗೆ ಕಟ್ಟುತ್ತದೆ. ಕಣ್ಣು ಮುಚ್ಚಿ ಬೇಡಿದೆ: "ಮಲ್ಲಣ್ಣ, ನನ್ನ ತಪ್ಪಿಗಿ ಆಕಿಗಿ ಶಿಕ್ಷಾ ಕೊಡಬ್ಯಾಡ."

ಪರೀಕ್ಷಕರು ಡಬ್ಬಿ ತೆರೆದರು. ಇಲ್ಲೇ ಉಳಿಯಬೇಕಾದ ಬೀಜಗಳೆಲ್ಲ ಬೂಷ್ಟು ಹಿಡಿದು ಸತ್ತಿದ್ದವು. ಇನ್ನೊಂದರಲ್ಲಿ ನಾಲ್ಕು ಮೊಳಕೆ.

"ಇದರಾಗ ಏನ ಹಾಕೀರಿ?"

ರುಬೀನಾ ನನ್ನ ಕಾಲು ತುಳಿದಳು. ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಹೊರಟಿದ್ದೇ ಬೇರೆ: "ಭಂಡಾರರಿ ಸರ್. ನಾನೇ ಹಚ್ಚೀನಿ. ಈಕಿಗಿ ಗೊತ್ತಿದ್ದಿಲ್ಲರಿ."

ಹಿಂದೆ ಯಾರೋ ನಕ್ಕರು. ಪರೀಕ್ಷಕರು ನಗಲಿಲ್ಲ. "ಮುಚ್ಚಿದ ಡಬ್ಬ್ಯಾಗ ಬೂಷ್ಟು ಅಂದ್ರ ಬಾಹ್ಯಾಕಾಶಕ್ಕ ಹೋದೋರಿಗೂ ದೊಡ್ಡ ಕಾಟ. ಹತ್ತು ಡಬ್ಬಿಗಿ ಅರಿಶಿಣ ಹಚ್ಚಿ, ಹತ್ತಕ್ಕ ಬಿಟ್ಟು ಮತ್ತ ಮಾಡ್ಕೊಂಡ ಬರ್ರಿ. ಈ ಸಲ ಬರದಿಟ್ಟು ಮಾಡ್ರಿ."

ಮಾಡಿದೆವು; ಅರಿಶಿಣ ಹಚ್ಚಿದ ಡಬ್ಬಿಗಳಲ್ಲಿ ಬೂಷ್ಟು ಕಡಿಮೆಯಿತ್ತು. ಆಯ್ಕೆಯ ಪಟ್ಟಿಯಲ್ಲಿ ರುಬೀನಾಳ ಹೆಸರು ಮೊದಲು, ಅದರ ಕೆಳಗೆ ನನ್ನದು.

ಇಂದು ನಮ್ಮ ಮನೆತನದ ಮೊದಲ ಪದವೀಧರೆ ನಾನು, ಬಿ.ಎಸ್ಸಿ. ಅರಿಶಿಣ ಬೂಷ್ಟನ್ನು ಹೇಗೆ ತಡೆಯುತ್ತದೆಂದು ನಾನೇ ಪಾಠ ಹೇಳಬಲ್ಲೆ. ಆದರೆ ಸುಳ್ಳು ತುಟಿಗೆ ಬಂದಾಗ ನಿಜ ನುಡಿಸಿದ್ದು ಯಾವ ಪುಸ್ತಕದಲ್ಲೂ ಇಲ್ಲ. ಗೆಳತಿಯೊಬ್ಬಳನ್ನು ಉಳಿಸೆಂದು ಬೇಡಿದ್ದೆ. ಮಲ್ಲಣ್ಣ ನನ್ನನ್ನೂ ಉಳಿಸಿದ.