ಯಾವ ಕಾಲಂಗೂ ಸೇರದ ಪುಟ್ಟಲಕ್ಷ್ಮಮ್ಮ

ಪಾಂಡವಪುರದ ನಮ್ಮ ಕಚೇರಿಯಲ್ಲಿ ಪುಟ್ಟಲಕ್ಷ್ಮಮ್ಮ ಹದಿನಾರು ವರ್ಷ ದಿನಗೂಲಿಯ ಮೇಲೆ ಕಸ ಗುಡಿಸಿದರು. ಆಕೆ ಪೊರಕೆ ಬೀಸಿದರೆ ಇಲ್ಲಿ ಎದ್ದ ಧೂಳು ತೊಣ್ಣೂರು ಕೆರೆ ಹಾರಿ ನಾಗಮಂಗಲದಲ್ಲಿ ಇಳಿಯುತ್ತಿತ್ತು. ಮ್ಯಾನೇಜರು ಹೊನ್ನಪ್ಪನವರು "ಏಯ್ ಪುಟ್ಟೀ!" ಎಂದು ಕೂಗಿದರೆ ಕ್ಯಾತನಹಳ್ಳಿಯ ಗದ್ದೆಗಳಲ್ಲಿ ಕಳೆ ಕೀಳುತ್ತಿದ್ದ ಏಳು ಜನ ಪುಟ್ಟಿಯರು ಸೊಂಟ ನೆಟ್ಟಗೆ ಮಾಡಿ "ಬಂದೇ ಸಾ" ಎನ್ನುತ್ತಿದ್ದರು. ದಿನಗೂಲಿ ಅಟೆಂಡರು ಕಲೀಂಗೆ ಒಂದು ಕಾಲು ಸ್ವಾಧೀನವಿರಲಿಲ್ಲ. ಅವನನ್ನು ಎಲ್ಲರೂ 'ಕುಂಟ' ಎಂದೇ ಕರೆಯುತ್ತಿದ್ದರು. ಗುಮಾಸ್ತನಾದ ನಾನೂ ಕರೆದವನೇ.

ತೊಂಬತ್ತೇಳರಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ದಿನಗೂಲಿಯವರಲ್ಲಿ ಪರಿಶಿಷ್ಟರು, ಅಂಗವಿಕಲರು, ವಿಧವೆಯರು, ಪರಿತ್ಯಕ್ತ ಮಹಿಳೆಯರು ಎಂದು ಗುಂಪು ಗುರುತಿಸಿ ಅವರನ್ನು ಕಾಯಂ ಮಾಡಬೇಕು. ಯಾವ ಗುಂಪಿಗೂ ಸೇರದವರನ್ನು ತಿಂಗಳೊಳಗೆ ಬಿಡಿಸಬೇಕು. ಜೊತೆಗೆ, ಎಲ್ಲರನ್ನೂ ಬಹುವಚನದಲ್ಲಿ ಮಾತನಾಡಿಸಬೇಕು. ಕುಂಟ, ಗಂಡಬಿಟ್ಟವಳು ಇಂಥ ಮಾತು ಇನ್ನು ಕೇಳಕೂಡದು. ಕಲೀಂ ಒಂದೇ ದಿನದಲ್ಲಿ 'ಕಲೀಂ ಸಾಹೇಬರು' ಆದರು, ವಾರದಲ್ಲಿ ಕಾಯಂ ಆದರು.

ಪುಟ್ಟಲಕ್ಷ್ಮಮ್ಮನ ಗಂಡ ದೇವರಾಜು ಹನ್ನೊಂದು ವರ್ಷದ ಹಿಂದೆಯೇ ಬೆಳ್ಳೂರು ಕ್ರಾಸಿಗೆ ಹೋಗಿ ಬೇರೆ ಸಂಸಾರ ಹೂಡಿದ್ದ. ಆದರೆ ಪರಿತ್ಯಕ್ತೆ ಎಂದು ಬರೆಯಲು ಗಂಡನ ರುಜು ಬೇಕಂತೆ. ಕಾಗದ ಹಿಡಿದು ನಾನೇ ಆಕೆಯ ಜೊತೆ ಬಸ್ಸು ಹತ್ತಿದೆ. ಹತ್ತುವಾಗ ಹಸುರಾಗಿದ್ದ ಬಾಳೆಗೊನೆ ಇಳಿಯುವಾಗ ಹಣ್ಣಾಗಿತ್ತು, ಅಂಥ ಬಸ್ಸು.

ದೇವರಾಜು ಹೋಟೆಲಿನಲ್ಲಿ ಟೀ ಸೋಸುತ್ತಿದ್ದ. ಕಾಗದ ಓದಿಸಿಕೊಂಡವನೇ ಹಾರಿಬಿದ್ದ.

"ಯಾರಮ್ಮೀ ನಿನ್ನ ಬುಟ್ಟಿರೋರು? ತಾಳಿ ಇನ್ನೂ ಕತ್ನಾಗೇ ಐತಲ್ಲ! ನಾ ಬುಟ್ಟಿವ್ನಿ ಅಂತ ರುಜು ಆಕುದ್ರೆ ನಾಳೀಕೆ ಕೋರ್ಟ್ಗೆ ಎಳೀತೀಯ."

"ಎಳಿಯಕಿಲ್ಲ ಕಣಪ್ಪಾ. ಒಂದ್ ಗೆರೆ ಬರ್ಕೊಡು, ನಿನ್ ಕಾಲಿಗ್ ಬೀಳ್ತೀನಿ."

ಗಿರಾಕಿಗಳ ಮುಂದೆ ಬಿದ್ದೂಬಿಟ್ಟರು. ಅವನು ಸೋಸುವ ಬಟ್ಟೆ ಹಿಂಡುತ್ತಾ, "ದೀಪಾವಳಿಗ್ ಬತ್ತೀನಿ, ಓಗು" ಎಂದ. ದೀಪಾವಳಿಗೆ ಇನ್ನೂ ನಾಲ್ಕು ತಿಂಗಳಿತ್ತು.

ಹಿಂದಿರುಗುವ ಬಸ್ಸಿನಲ್ಲಿ ನಾನು ಪಿಸುಗುಟ್ಟಿದೆ: "ವಿಧವೆ ಅಂತ ಬರೆದುಬಿಡ್ಲಾ ತಾಯಿ? ಯಾರು ಬಂದು ನೋಡ್ತಾರೆ?"

"ಈಗ ತಾನೇ ಟೀ ಸೋಸ್ತಿದ್ದೋನ್ನ ಎಂಗ್ ಸಾಯ್ಸೀರಿ ಸಾ?" ಎಂದರು. ಒಂದು ಸ್ಟಾಪು ದಾಟಿದ ಮೇಲೆ, "ಬರೀರಿ" ಎಂದರು. ಇನ್ನೂ ಒಂದು ಸ್ಟಾಪು ದಾಟಿತು. "ಬ್ಯಾಡಿ."

ಮರಣಪತ್ರವಿಲ್ಲದೆ ಬರೆದಿದ್ದರೆ ನನ್ನ ತಲೆಯೂ ಹೋಗುತ್ತಿತ್ತು. 'ಬ್ಯಾಡಿ' ಎಂದಾಗ ನನಗೆ ಹಗುರವಾಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಕಾಲಂ ಖಾಲಿ ಬಿಟ್ಟು ಪಟ್ಟಿ ಕಳಿಸಿದೆ.

ತಿಂಗಳ ಕೊನೆಗೆ ಹೊನ್ನಪ್ಪನವರು ಆಕೆಯನ್ನು ಕರೆಸಿ, ಎದ್ದು ನಿಂತು, "ಪುಟ್ಟಲಕ್ಷ್ಮಮ್ಮನವರೇ, ದಯವಿಟ್ಟು ಕೂತ್ಕೊಳ್ಳಿ" ಎಂದರು. ಹದಿನಾರು ವರ್ಷದಲ್ಲಿ ಮೊದಲ ಸಲ ಕುರ್ಚಿ! ಆಕೆಗೆ ಎಲ್ಲಾ ತಿಳಿದುಹೋಯಿತು. ಕೂರಲಿಲ್ಲ.

"ನಾಳೆಯಿಂದ ತಾವು ಬರಬೇಕಾಗಿಲ್ಲ."

"ಬೈರಿ ಸಾ" ಎಂದರು ಪುಟ್ಟಲಕ್ಷ್ಮಮ್ಮ, ಕುರ್ಚಿಯ ಬೆನ್ನು ಹಿಡಿದು. "ಬಾರೇ ಓಗೇ ಅನ್ನಿ, ಏನಾದ್ರೂ ಅನ್ನಿ, ಯಾರ್ಗೂ ಏಳಕಿಲ್ಲ. ಕೆಲ್ಸ ಒಂದ್ ಕಿತ್ಕಬ್ಯಾಡಿ."

ಶ್ರೀರಂಗಪಟ್ಟಣದ ಕೋಟೆಗೋಡೆ ಬಿರುಕುಬಿಡುವಂತೆ ಕೂಗುತ್ತಿದ್ದ ಹೊನ್ನಪ್ಪನವರು ಸುತ್ತೋಲೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. ಕೊನೆಗೆ ಆಕೆಯ ಬೆರಳುಗಳನ್ನು ಕುರ್ಚಿಯಿಂದ ಒಂದೊಂದಾಗಿ ಬಿಡಿಸಿ, ಗೇಟಿನವರೆಗೆ ಕರೆದುಕೊಂಡು ಹೋದವನು ನಾನು.

"ನಿಧಾನವಾಗಿ ಹೋಗಿ ಅಮ್ಮಾ" ಎಂದೆ.

"ಎಲ್ಲಿಗೆ ಸಾ?" ಎಂದರು.