ಹಬ್ಬಕ್ಕೆಂದು ಕಿತ್ತ ಎಲೆಗಳು

ನಮ್ಮ ಯಜಮಾನರಿಗೆ ಹುಚ್ಚು ಅಂತ ಒಂದಿದ್ದರೆ ಅದು ಬೀಚ್ ಮರದ್ದು. ಮದುವೆಗೆ ಮುಂಚೆ ಕಂಪನಿಯವರು ಅವರನ್ನು ಎರಡು ವರ್ಷ ಜರ್ಮನಿಗೆ ಕಳಿಸಿದ್ದರು. ಅಲ್ಲಿ ರೂಮಿನ ಕಿಟಕಿಯೆದುರು ಆನೆಗಾತ್ರದ ಬೀಚ್ ಮರವಿತ್ತಂತೆ, ಚಳಿ ಶುರುವಾಗುವ ಮುಂಚೆ ಮೈತುಂಬ ತಾಮ್ರದಂತೆ ಕೆಂಪಾಗುತ್ತಿತ್ತಂತೆ. ಈ ಕಥೆ ನನಗೆ ಬಾಯಿಪಾಠ.

ನೈರೋಬಿಗೆ ಬಂದ ವರ್ಷವೇ ಲಿಮುರು ಕಡೆಯ ನರ್ಸರಿಯಿಂದ ಮೊಣಕಾಲೆತ್ತರದ ಬೀಚ್ ಸಸಿ ತಂದು, ಸ್ಪ್ರಿಂಗ್ ವ್ಯಾಲಿಯ ನಮ್ಮ ಬಾಡಿಗೆ ಮನೆಯ ಮುಂದೆ ನೆಟ್ಟರು. ಇದು ಮರವಾಗುವ ಹೊತ್ತಿಗೆ ನಿಮ್ಮ ಬಾಯಲ್ಲಿ ಹಲ್ಲಿರುವುದಿಲ್ಲ ಎಂದು ರೇಗಿಸಿದ್ದೆ. ಸರಿಯಾದ ಚಳಿಯೇ ಇಲ್ಲದ ಊರು. ಆರು ವರ್ಷದಲ್ಲಿ ಗಿಡ ನನ್ನನ್ನೂ ಮೀರಿ ಬೆಳೆಯಿತೇ ಹೊರತು ಬಣ್ಣ ಮಾತ್ರ ತಿರುಗಲಿಲ್ಲ.

ನೈರೋಬಿಯಲ್ಲಿ ಚಳಿ ಬೀಳುವುದು ಜುಲೈನಲ್ಲಿ; ಹೋದ ವರ್ಷ ಅದು ಎಂದಿಗಿಂತ ಜೋರಾಗಿತ್ತು. ಡಿಸೆಂಬರಿಗೆ ಅವರ ಕೆಲಸದ ಕರಾರು ಮುಗಿದು ನಾವು ಮೈಸೂರಿಗೆ ವಾಪಸು ಹೊರಡುವುದಿತ್ತು. ಆಗಸ್ಟಿನ ಒಂದು ಭಾನುವಾರ ಅವರು ಎಲೆಯಂಚು ಮುಟ್ಟಿ, "ತಿರುಗ್ತಿದೆ ಕಣೇ. ಶನಿವಾರಕ್ಕೆ ಪೂರ್ತಿ ಆಗತ್ತೆ, ನೋಡ್ತಿರು" ಎಂದರು. ಹೂಂ ಎಂದೆ. ನನ್ನ ತಲೆ ತುಂಬ ಶುಕ್ರವಾರದ ವರಮಹಾಲಕ್ಷ್ಮಿ ಹಬ್ಬವೇ ಇತ್ತು. ವಾರವಿಡೀ ಅವರು ಬೆಳಕು ಹರಿಯುವ ಮುಂಚೆ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗೆ ಹೊರಟು, ಜಾಮ್‌ನಲ್ಲಿ ಸಿಕ್ಕಿ, ಕತ್ತಲಾದ ಮೇಲೆಯೇ ಬರುತ್ತಿದ್ದರು.

ಗುರುವಾರ ರಂಗೋಲಿಗೆಂದು ಅಂಗಳ ತೊಳೆಸುವಾಗ ಆ ಗಿಡ ಕಣ್ಣಿಗೆ ಬಿತ್ತು. ಮೈಯೆಲ್ಲ ಒಣಗಿದ ಎಲೆ! ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಬರುವ ಬಾಗಿಲಲ್ಲಿ ಇದೆಂಥ ಅವಲಕ್ಷಣ ಎನಿಸಿತು. ಅಲ್ಲಾಡಿಸಿದೆ, ಒಂದೂ ಉದುರಲಿಲ್ಲ. ಸ್ಟೂಲು ಹಾಕಿಕೊಂಡು ಒಂದೂ ಬಿಡದೆ ಕಿತ್ತೆ. ತೋಟ ನೋಡಿಕೊಳ್ಳುವ ಮುದುಕ, ಗಿಡ ಸತ್ತಿಲ್ಲ, ಬೇಡ ಮಾಮಾ, ಅಂದರೆ ಅಮ್ಮಾ, ಎಂದು ಸ್ವಾಹಿಲಿಯಲ್ಲಿ ಹೇಳುತ್ತಲೇ ಇದ್ದ. ಸವಾ, ಸವಾ, ಆಯ್ತು ಮಾರಾಯ ಎನ್ನುತ್ತ ಅವನ ಕೈಯಲ್ಲೇ ಎಲೆರಾಶಿಗೆ ಬೆಂಕಿ ಹಚ್ಚಿಸಿದೆ.

ಹಬ್ಬ ಚೆನ್ನಾಗಿಯೇ ಆಯಿತು. ಶನಿವಾರ ಬೆಳಿಗ್ಗೆ ಅವರು ಕಾಫಿ ಲೋಟ ಹಿಡಿದು ಹೊರಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಬೋಳು ಕೊಂಬೆಗಳ ಮುಂದೆ ಸುಮ್ಮನೆ ನಿಂತಿದ್ದಾರೆ. ಭಾನುವಾರ ಅವರಾಡಿದ ಮಾತು ಆಗ ನೆನಪಾಯಿತು. ಒಣಗಿದೆ ಎಂದುಕೊಂಡೆ, ತಪ್ಪಾಯಿತು ಎಂದು ತೊದಲಿದೆ.

ಅವರು ಕೊಂಬೆಯಿಂದ ಕಣ್ಣು ತೆಗೆಯದೆ ಕೇಳಿದರು. "ಬಣ್ಣ ಹೇಗಿತ್ತು, ಹೇಳು."

ಅಷ್ಟೂ ಎಲೆಯನ್ನು ಕೈಯಾರೆ ಕಿತ್ತವಳು ನಾನು. ಒಂದನ್ನೂ ನೋಡಿರಲಿಲ್ಲ.

"ನೋಡ್ಲಿಲ್ಲ ರೀ" ಎಂದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಲೋಟ ಕೆಳಗಿಟ್ಟು ನನ್ನ ಕಣ್ಣೊರೆಸಿದರು.