ಡೆಸಿಯ ಹಾಡಿನ ಕೊನೆಯ ಚರಣ

ಗ್ರೇವಿ ಗಂಟುಗಂಟಾಗಿದೆಯೆಂದು ಹೋಬರ್ಟ್ ಒಲೆ ಕೆದಕುವ ಸಲಾಕೆಯಿಂದ ಹೆಂಡತಿ ಡೆಸಿಯ ತಲೆ ಒಡೆದು ಕೊಂದ. ಜೈಲಿಗೆ ಹೋದ, ಸನ್ನಡತೆಯ ಮೇಲೆ ಬೇಗ ಹೊರಬಂದ, ಚರ್ಚಿನ ಮುಂದಿನ ಬೆಂಚಿನಲ್ಲೇ ಕೂರತೊಡಗಿದ. ಅಡುಗೆಮನೆಯ ರಕ್ತ ತಿಕ್ಕಿ ತೊಳೆದವಳು ಡೆಸಿಯ ಅಕ್ಕ ಆರ್ಲೀನಾ. ನೆಲದ ಹಲಗೆಗಳ ಸಂದಿಗೆ ಇಳಿದದ್ದನ್ನು ಚಾಕುವಿನ ತುದಿಯಿಂದ ಕೆರೆದಳು. ಡೆಸಿಯ ಮಗ ವೇಡ್‌ನನ್ನು ಸಾಕಿದವಳೂ ಅವಳೇ.

ಅಮೆರಿಕದ ಕೆಂಟಕಿಯ ಆ ಕಣಿವೆಯಲ್ಲಿ ಕೊಲೆಯಾದವಳ ಮೇಲೆ ಹೆಂಗಸರು ಹಾಡು ಕಟ್ಟುತ್ತಾರೆ. ಕೊನೆಯ ಚರಣದಲ್ಲಿ ಕೊಂದವನ ಹೆಸರು ಬರಲೇಬೇಕು, ಅದನ್ನು ವಾದ್ಯವಿಲ್ಲದೆ ಹಾಡಬೇಕು. ಹುರುಳಿಕಾಯಿಯ ನಾರು ಬಿಡಿಸುತ್ತಲೇ ಆರ್ಲೀನಾ ಡೆಸಿಯ ಹಾಡು ಕಟ್ಟಿದಳು. ಈಗ ಅದು ವೇಡ್‌ನ ತಂಡದ ಹೊಸ ಆಲ್ಬಂನ ಮೊದಲ ಹಾಡು.

ಶನಿವಾರ ಬೆಳಿಗ್ಗೆ ಅವನು ಫೋನ್ ನೋಡಿಕೊಂಡು ವಿಮರ್ಶೆ ಓದಿದ. "'ಕೊಂದವರಾರೆಂದು ಹಾಡು ಹೇಳುವುದೇ ಇಲ್ಲ. ಆ ನಿಗೂಢತೆಯೇ ಇದರ ಕತ್ತಲು, ಇದರ ಸೊಬಗು.' ನಾಲ್ಕೂವರೆ ಸ್ಟಾರ್ ಕೊಟ್ಟಿದಾರೆ, ದೊಡ್ಡಮ್ಮ."

"ಯಾರಿಗೋ ನಿಗೂಢ? ಬಕೆಟ್ ಇಟ್ಕೊಂಡು ನೆಲ ತಿಕ್ಕಿದ್ದು ನಾನು. ಕೊನೇ ಚರಣ, ಅದರಲ್ಲಿದ್ದ ಹೆಸರು ಎಲ್ಲಿ ಹೋಯ್ತು?"

"ಅವನು ನನ್ನಪ್ಪ."

"ಅವಳೇನು ನಿಂಗೆ ಪಕ್ಕದ್ಮನೆಯವಳಾ?"

ವೇಡ್ ಫೋನನ್ನು ಜೇಬಿಗಿಳಿಸಿದ. "ಮಧ್ಯಾಹ್ನ ಊರ ಸಭಾಂಗಣದಲ್ಲಿ ಹಾಡ್ತೀವಿ. ಈ ವಿಮರ್ಶಕರೂ ಬರ್ತಾರೆ. ಸುಮ್ನೆ ಕೂತು ಕೇಳು, ಸಾಕು."

ಅವಳು ಕೂತು ಕೇಳಿದಳು. ಮುಂದಿನ ಸಾಲಿನಲ್ಲಿ ಹೋಬರ್ಟ್ ಕಾಲಿನಿಂದ ತಾಳ ಹಾಕುತ್ತಿದ್ದ. ವೇಡ್ ಮೀಟುತ್ತಿದ್ದ ಬ್ಯಾಂಜೋ ನಿಂತೊಡನೆ ಆರ್ಲೀನಾ ವೇದಿಕೆ ಹತ್ತಿದಳು. ಸಲಾಕೆ, ಗ್ರೇವಿ, ಹಲಗೆಯ ಸಂದಿ, ಎಲ್ಲವನ್ನೂ ಬರಿಗಂಟಲಲ್ಲಿ ಹಾಡುತ್ತ ಹೋಬರ್ಟ್‌ನ ಹೆಸರಿಗೆ ಬಂದಳು. ಹೆಂಗಸರಿಗೆಲ್ಲ ಬಾಯಿಪಾಠವಿದ್ದ ಚರಣ ಅದು; ಕೂತಲ್ಲಿಂದಲೇ ದನಿಗೂಡಿಸಿದರು.

ಹೋಬರ್ಟ್ ಮಡಚುವ ಕುರ್ಚಿ ಹಿಡಿದು ಮೇಲೆ ನುಗ್ಗಿದ. "ಬಾಯ್ಮುಚ್ಚೇ, ಮುದುಕಿ." ಕುರ್ಚಿಯ ಕಾಲು ಅವಳ ಹಣೆ ಸೀಳಿತು. ಅವನು ಮತ್ತೆ ಎತ್ತುವಷ್ಟರಲ್ಲಿ ವೇಡ್ ಬ್ಯಾಂಜೋವನ್ನು ಅಪ್ಪನ ಮುಖಕ್ಕೆ ಬೀಸಿದ. ಮೂಗು ಮುರಿಯಿತು. ಹಲ್ಲೊಂದು ರಕ್ತದೊಂದಿಗೆ ವೇದಿಕೆಯ ಹಲಗೆಯ ಮೇಲೆ ಬಿತ್ತು.

ಪೊಲೀಸರು ಹೋಬರ್ಟ್‌ನನ್ನು ಎಳೆದೊಯ್ದ ಮೇಲೆ ವಿಮರ್ಶಕ ವೇದಿಕೆಯ ಹತ್ತಿರ ಬಂದ. "ಆ ಚರಣ ಬೇಕಿರ್ಲಿಲ್ಲ ಕಣ್ರೀ. ಹೆಸರು ಹೇಳ್ಬಿಟ್ರೆ ಹಾಡಿನ ಮಜಾನೇ ಹೋಗುತ್ತೆ."

"ಇನ್ಮೇಲೆ ಹೀಗೇ ಹಾಡೋದು," ಅಂದ ವೇಡ್. "ಬೇಕಾದ್ರೆ ಸ್ಟಾರ್ ಕಿತ್ಕೊಳ್ಳಿ."

ಆರ್ಲೀನಾ ಒಂದು ಕೈಯಲ್ಲಿ ಹಣೆ ಒತ್ತಿಕೊಂಡು, ಇನ್ನೊಂದರಲ್ಲಿ ಅಭ್ಯಾಸಬಲದಿಂದ ಮೂಲೆಯ ಬಕೆಟ್ ಎತ್ತಿದಳು. ಎರಡು ಹೆಜ್ಜೆ ಇಟ್ಟವಳು ನಿಂತು, ಅದನ್ನು ವೇಡ್‌ನ ಕಾಲಬುಡದಲ್ಲಿಟ್ಟಳು.

"ನಿಮ್ಮಪ್ಪಂದೂ ಇದೆ, ನಂದೂ ಇದೆ. ಸಂದಿಗಿಳಿಯೋಕ್ಮುಂಚೆ ತಿಕ್ಕು."

ವೇಡ್ ಮಂಡಿಯೂರಿದ.